ಪಾಯಸದಿಂದ ಉಪ್ಪಿಗೆ

ಕೈ ನಡುಗುವವನನ್ನು ಕಂಡರೆ ನಮ್ಮ ಜನ ಮೊದಲು ಅವನ ಬಾಯಿಯ ವಾಸನೆ ನೋಡುತ್ತಾರೆ, ಆಮೇಲೆ ಕ್ಷೇಮ ವಿಚಾರಿಸುತ್ತಾರೆ. ದರ್ಬೆ ಪೇಟೆಯಲ್ಲಿ ಮೂವತ್ತು ವರ್ಷದಿಂದ ಮಕ್ಕಳಿಗೆ ನೋಟುಪುಸ್ತಕ ಮಾರುತ್ತಿರುವ, ಹುಳಿ ಮಜ್ಜಿಗೆಯನ್ನೂ ಮುಟ್ಟದ ನನಗೇ ಈ ಗತಿ! ಪುಸ್ತಕ ತೆಗೆದುಕೊಳ್ಳುವಾಗ ಗಿರಾಕಿಗಳು ಬೇಕೆಂದೇ ಒಂದಿಂಚು ಹತ್ತಿರ ಬಗ್ಗುತ್ತಾರೆ. ಮೈ ಉರಿಯುತ್ತದೆ.

ಪುತ್ತೂರಿನ ಡಾಕ್ಟರು ಮಾತ್ರ ಮೂಸಲಿಲ್ಲ. “ಮೆದುಳು ತಾಳ ಹಿಡಿದೇ ಕೈಕಾಲು ಆಡಿಸುದು. ನಿಮ್ಮಲ್ಲಿ ಬೇಡದ ತಾಳ ಒಂದು ನಡುವೆ ಸೇರಿಕೊಂಡಿದೆ. ಸುಮ್ಮನೆ ಕೂತರೆ ಇಲ್ಲ, ಕೈ ಕೆಲಸಕ್ಕೆ ಹೊರಟರೆ ಹಾಜರು. ಕುಟುಂಬದಲ್ಲಿ ಬೇರೆ ಯಾರಿಗಾದರೂ ಉಂಟಾ?” ಎಂದರು. “ನಮ್ಮಲ್ಲಿ ಅಂಥದ್ದೆಲ್ಲ ಇಲ್ಲ ಡಾಕ್ಟ್ರೇ” ಎಂದೆ ಖಾರವಾಗಿ. ಭಜನೆಯಲ್ಲಿ ಒಂದು ದಿನವೂ ತಾಳ ಸರಿಯಾಗಿ ಹಾಕದ ನನ್ನ ತಲೆಯೊಳಗೆ ತಾಳವಂತೆ!

ಇದನ್ನೂ ಸಹಿಸಿದೆ. ಆದರೆ ಮೊನ್ನೆ ಪಂಜದಲ್ಲಿ ಭಾವ ಜನಾರ್ದನನ ಗೃಹಪ್ರವೇಶ. ನೆಂಟರ ಮನೆಯ ಊಟವೆಂದರೆ ಪಾಯಸದ ಸೌಟು ನನ್ನದು. ಹತ್ತು ವರ್ಷದಿಂದ ಅದನ್ನು ಯಾರಿಗೂ ಬಿಟ್ಟುಕೊಟ್ಟವನಲ್ಲ. ಮೊದಲ ಪಂಕ್ತಿಯಲ್ಲಿ ಅರ್ಧ ಸೌಟು ಪಾಯಸ ಒಬ್ಬರ ಬಿಳಿ ಅಂಗಿಯ ಮೇಲೆ ಬಿತ್ತು. ಜನಾರ್ದನ ಓಡಿ ಬಂದು ಸೌಟು ಕಸಿದುಕೊಂಡ. “ಭಾವ, ಪಾಯಸ ನಾನು ನೋಡ್ತೇನೆ. ನೀವು ಮುಂದಿನ ಪಂಕ್ತಿಗೆ ಉಪ್ಪು ಬಡಿಸಿ, ಆಯ್ತಾ?”

ಉಪ್ಪು! ಬಡಿಸಲು ಬಾರದವರಿಗೆ ಕೊಡುವ ಕೆಲಸ! ಅಷ್ಟು ಸಾಲದೆ ಹಿಂದಿನಿಂದ ಯಾರೋ, “ಬೆಳಿಗ್ಗೆಯೇ ಶುರು ಮಾಡಿದ್ದಾರಾ ಎಂತ?” ಎಂದರು. ಸಿಟ್ಟಿನಲ್ಲಿ ನಡುಕ ಇಮ್ಮಡಿಯಾಯಿತು. ಎಲೆಯ ತುದಿಗೆ ಬೀಳಬೇಕಾದ ಉಪ್ಪು ಇಡೀ ಎಲೆಗೆ ಹರಡಿತು.

ಪಂಕ್ತಿಯ ಕೊನೆಯಲ್ಲಿ ನನ್ನ ಅಪ್ಪನ ತಮ್ಮ, ಪದ್ಮಯ್ಯ ಚಿಕ್ಕಪ್ಪ ಕೂತಿದ್ದರು. ನೀರಿನ ಲೋಟವನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಆದರೂ ನೀರು ತುಳುಕುತ್ತಿತ್ತು. ನನ್ನ ಕೈಯನ್ನೇ ಸ್ವಲ್ಪ ಹೊತ್ತು ನೋಡಿ, “ಉಪ್ಪು ಅಭ್ಯಾಸ ಆಗ್ತದೆ ಮಾರಾಯ. ನಾನೂ ನಾಲ್ಕು ವರ್ಷ ಅದನ್ನೇ ಬಡಿಸಿದೆ” ಎಂದರು.

ಹತ್ತು ವರ್ಷದ ಹಿಂದೆ ಪಾಯಸದ ಸೌಟು ಅವರ ಕೈಯಲ್ಲಿತ್ತು. ಕಸಿದುಕೊಂಡವನು ನಾನು. “ಚಿಕ್ಕಪ್ಪ ಬೆಳಿಗ್ಗೆಯೇ ಹಾಕಿದ್ದಾರೆ” ಎಂದು ಅಡುಗೆಯ ಚಪ್ಪರದಲ್ಲಿ ಹೇಳಿ ಎಲ್ಲರನ್ನೂ ನಗಿಸಿದವನೂ ನಾನೇ. ಅವರೂ ಮಜ್ಜಿಗೆಗಿಂತ ಮೇಲಿನದನ್ನು ಕುಡಿದವರಲ್ಲ.

ಅವರ ಎಲೆಗೆ ಉಪ್ಪು ತೀರಾ ಹೆಚ್ಚು ಬಿತ್ತು. ಮೆದುಳಿನ ತಾಳದ ವಿಷಯ ಹೇಳಹೊರಟೆ. ಆದರೆ ಆ ಮಾತು ಚಿಕ್ಕಪ್ಪನ ಕಿವಿಗೆ ಬೀಳಬೇಕಾಗಿದ್ದುದು ಹತ್ತು ವರ್ಷದ ಹಿಂದೆ. ಹೆಚ್ಚಾದ ಉಪ್ಪನ್ನು ನಡುಗುವ ಬೆರಳಲ್ಲೇ ಹೆಕ್ಕಲು ಕೂತೆ.