ಎಡಗಡೆಯ ಸ್ಪೀಕರ್ ಅವರಿಗೆ, ಬಲಗಡೆ ಕುಳಿತಿದ್ದವನಿಂದ

ತಿರುಮಕೂಡಲು ನರಸೀಪುರ,
ಮಾರ್ಚ್ ೧೯೭೮

ನಾದಸುಧಾ ಸ್ಟೀರಿಯೊ ಕಂಪನಿಯ ಆಸ್ಥಾನದಲ್ಲಿ ಬೀಟೆಮರದ ಪೋಷಾಕು ತೊಟ್ಟು, ಕಪ್ಪು ಜಾಲರಿಯ ಹಿಂದೆ ಮುಖ ಮರೆಸಿಕೊಂಡು ವಿರಾಜಮಾನರಾಗಿರುವ ಎಡಗಡೆಯ ಸ್ಪೀಕರ್ ಅವರ ಸನ್ನಿಧಿಗೆ,

ಮಾನ್ಯರೇ,

ತಾವು ನಂಜನಗೂಡಿನಿಂದ ಸುಖವಾಗಿ ಬೆಂಗಳೂರು ಸೇರಿದ್ದೀರೆಂದೂ, ನಮ್ಮ ಕಡೆಯ ರಸ್ತೆಗಳು ತಮ್ಮ ಪಾಲಿಶಿಗೆ ಗೀರು ಹಾಕಿಲ್ಲವೆಂದೂ, ತಮ್ಮ ಜೋಡಿಯಾದ ಬಲಗಡೆಯವರೂ ಕುಶಲದಿಂದಿದ್ದಾರೆಂದೂ ನಂಬಿದ್ದೇನೆ. ನಾನು ಯಾರೆಂದು ತಮಗೆ ತಿಳಿದಿರಲಾರದು. ಕಳೆದ ತಿಂಗಳು ನಂಜನಗೂಡಿನ ಛತ್ರವೊಂದರಲ್ಲಿ ತಮ್ಮ ಕಂಪನಿಯವರು ಏರ್ಪಡಿಸಿದ್ದ ಉನ್ನತ ಶ್ರೇಣಿಯ ಧ್ವನಿ ಪ್ರದರ್ಶನದಲ್ಲಿ, ಗಂಡಸರ ಕಡೆಯ ಮೊದಲ ಸಾಲಿನ ತುತ್ತತುದಿಗೆ, ಗೋಡೆಗೆ ಒತ್ತಿಕೊಂಡು, ಕಂದು ಕೋಟು ಹಾಕಿ ಕುಳಿತಿದ್ದವನು ನಾನು. ಹೆಸರು ಸೀತಾರಾಮ, ಇಲ್ಲಿನ ಹೈಸ್ಕೂಲಿನಲ್ಲಿ ಚರಿತ್ರೆಯ ಪಾಠ ಹೇಳುತ್ತೇನೆ. ಅಂದು ಬೆಳಗಿನ ಕಾಫಿಯಿಂದ ಮಧ್ಯಾಹ್ನದ ಊಟದವರೆಗೆ ತಮ್ಮನ್ನು ಕಣ್ತುಂಬ ನೋಡಿದೆ, ಆದರೆ ತಾವು ನನ್ನೊಡನೆ ಒಂದೇ ಒಂದು ಮಾತನ್ನೂ ಆಡಲಿಲ್ಲ. ಇದನ್ನು ಖಾಸಗಿಯಾಗಿ ತೋಡಿಕೊಳ್ಳಬಹುದಾಗಿತ್ತು. ಆದರೆ ನನ್ನ ಹಾಗೆಯೇ ಬಲಗಡೆ ಕುಳಿತು ಎದ್ದುಬಂದ ಅನೇಕ ಸಂಭಾವಿತರು ಅಂದು ಏನಾಯಿತೆಂಬುದನ್ನು ಅರಿಯದೆ ಇಂದಿಗೂ ಓಡಾಡಿಕೊಂಡಿರುವುದರಿಂದ, ಬಹಿರಂಗವಾಗಿ ಬರೆಯುವುದೇ ಧರ್ಮವೆಂದು ತೋರಿತು.

ನರಸೀಪುರದಲ್ಲಿ ಶ್ರವಣಾನಂದ ಸಂಘವೆಂಬುದೊಂದಿದೆ. ಶಿವಸ್ವಾಮಿಯವರ ಕಬ್ಬಿಣದ ಅಂಗಡಿಯ ಹಿಂಬದಿಯ ಕೋಣೆಯಲ್ಲಿ, ಮೊಳೆಯ ಡಬ್ಬಗಳ ನಡುವೆ, ಒಂದೇ ಬಾಯಿಯ ಹಳೆಯ ರೆಕಾರ್ಡ್ ಪ್ಲೇಯರನ್ನು ಸುತ್ತುವರಿದು ಕುಳಿತು ತಲೆದೂಗುವುದೇ ಅದರ ಕಾರ್ಯಕ್ರಮ. ನಾನು ಅದರ ಕಾರ್ಯದರ್ಶಿ. ಸ್ಥಾಪಕರು ನಂಜುಂಡಯ್ಯನವರು, ನಮ್ಮ ಶಾಲೆಯಲ್ಲೇ ಡ್ರಾಯಿಂಗ್ ಮೇಷ್ಟ್ರಾಗಿದ್ದು ನಿವೃತ್ತರಾದವರು. ತಮ್ಮ ಕಂಪನಿಯ ಔದಾರ್ಯ ದೊಡ್ಡದು. ಸಂಘಕ್ಕೊಂದೇ ಆಹ್ವಾನ ಪತ್ರಿಕೆ ಕಳಿಸಿ, ಅದರ ಮೇಲೆ 'ಪತ್ನೀಸಮೇತರಾಗಿ' ಎಂದು ಅಚ್ಚು ಹಾಕಿಸಿತ್ತು. ಶಿವಸ್ವಾಮಿಯವರಿಗೆ ಅಂಗಡಿ ಬಿಡುವ ಹಾಗಿರಲಿಲ್ಲ, ಮಿಕ್ಕವರಿಗೆ ಆಹ್ವಾನವಿರಲಿಲ್ಲ. ನ್ಯಾಯವಾಗಿ ಹೋಗಬೇಕಾಗಿದ್ದ ನಂಜುಂಡಯ್ಯನವರು ನಮ್ಮ ಶಾಲೆಯ ಹಾಲಿನಲ್ಲೇ ನಡೆಯುತ್ತಿದ್ದ ನೇತ್ರಚಿಕಿತ್ಸಾ ಶಿಬಿರದಲ್ಲಿ ಆಪರೇಷನ್ ಮಾಡಿಸಿಕೊಂಡು, ಎರಡೂ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು, ತಲೆ ಅಲ್ಲಾಡದ ಹಾಗೆ ಎರಡೂ ಮಗ್ಗುಲಿಗೆ ಮರಳಿನ ಚೀಲ ಇರಿಸಿಕೊಂಡು ಮಲಗಿದ್ದರು.

ಹಿಂದಿನ ಸಂಜೆ ಅವರನ್ನು ನೋಡಲು ಹೋದಾಗ, ಛಾವಣಿಯ ಕಡೆಗೇ ಮುಖ ಮಾಡಿಕೊಂಡು ಅವರು ಹೇಳಿದ್ದು ಇಷ್ಟು: "ನೋಡಯ್ಯಾ, ಒಂದು ಕಣ್ಣು ಹೋಗಿ ವರ್ಷಗಳಾದವು. ಇದಾದರೂ ಬರತ್ತೆ ಅಂತ ಡಾಕ್ಟರು ಗಟ್ಟಿಯಾಗಿ ಹೇಳ್ತಿಲ್ಲ. ಬರಲಿಲ್ಲ ಅಂದ್ರೆ ಬಣ್ಣ ಹೋಯ್ತು, ಓದು ಹೋಯ್ತು, ಮಿಕ್ಕಿದ್ದು ಕಿವಿ ಒಂದು. ವೀಣೆ-ಮೃದಂಗ ಹಾಕ್ತಾರಂತೆ. ಎದುರಿಗೆ ಕೂತು ನುಡಿಸಿದ ಹಾಗೇ ಇರತ್ತೆ ಅಂತ ಬರೆದಿದ್ದಾರೆ. ನಿಜವೋ ಸುಳ್ಳೋ ನೋಡ್ಕೊಂಡು ಬಾ. ನಿಜವಾದ್ರೆ ಹೇಗಾದರೂ ಮಾಡಿ ತರಿಸ್ಕೋತೀನಿ. ನನ್ನ ಸಮಾಧಾನಕ್ಕೆ ಅಂತ ಒಂದಕ್ಷರ ಸೇರಿಸಬೇಡ." ಮಾನ್ಯರೇ, ಬಣ್ಣದ ಜೊತೆಯಲ್ಲೇ ಬದುಕಿದ ಮನುಷ್ಯ ಮುಂದಿನ ದಿನಗಳನ್ನು ಯಾವುದರ ಆಸರೆಯಲ್ಲಿ ಕಳೆಯಬೇಕೆಂಬ ಪ್ರಶ್ನೆಯನ್ನು ನನ್ನ ಕಿವಿಗೆ ವಹಿಸಿದ್ದರು. ನನಗೆ ಭಯವೇ ಆಯಿತು.

ಇನ್ನು ತಮ್ಮ ದರ್ಬಾರಿನ ವಿಚಾರ. ತಮ್ಮ ಕಂಪನಿಯ ಸಫಾರಿ ಸೂಟಿನ ತರುಣರು ತಮ್ಮನ್ನು ವೇದಿಕೆಯ ಎಡತುದಿಗೂ ತಮ್ಮ ಜೋಡಿಯವರನ್ನು ಬಲತುದಿಗೂ ಪ್ರತಿಷ್ಠಾಪಿಸಿ, ಅಳತೆಪಟ್ಟಿ ಹಿಡಿದು, ಹಾಲಿನ ನಟ್ಟನಡುವೆ ಕುರ್ಚಿಗಳ ಸಾಲೊಂದನ್ನು ಹಾಕಿಸಿದ್ದರು. ಛತ್ರದ ಪಾರುಪತ್ಯದ ಬಸವಯ್ಯ ಬಂದು ನೋಡಿ, ಆ ಕುರ್ಚಿಗಳನ್ನೆಲ್ಲ ಎತ್ತಿಸಿ, ನಡುವೆ ಕೆಂಪು ಜಮಖಾನೆ ಹಾಸಿಸಿ ದಾರಿ ಬಿಡಿಸಿದರು. "ನಡೂಮದ್ಯಕ್ಕೆ ಕುರ್ಚಿ ಆಕುದ್ರೆ ಜನ ಓಡಾಡೋದೆಂಗೆ ಸಾ? ಗಂಡಸ್ರು ಒಂದ್ಕಡೆ, ಎಂಗಸ್ರು ಒಂದ್ಕಡೆ. ಈ ಛತ್ರದಲ್ಲಿ ಎಲ್ಲಾ ಮದ್ವೆನೂ ಇಂಗೇ ಆಗಿರೋದು ಕಣ್ರೀ" ಎಂದರು. ತರುಣರು ಸ್ಟೀರಿಯೊ, ಮಧ್ಯಭಾಗ ಎಂದು ಏನೋ ಹೇಳಲು ಹೋದರು. ಅಷ್ಟರಲ್ಲಿ ಉಪ್ಪಿಟ್ಟು ಬಂದದ್ದರಿಂದ ವಾದ ಮುಂದುವರಿಯಲಿಲ್ಲ. ಹೀಗಾಗಿ ಹೆಂಗಸರು ತಮ್ಮ ಪಾದಮೂಲದಲ್ಲೂ, ನಾವು ಗಂಡಸರು ತಮ್ಮ ಜೋಡಿಯವರ ಪಾದಮೂಲದಲ್ಲೂ ಕುಳಿತೆವು. ಎರಡು ದನಿಗಳೂ ಬಂದು ಕೂಡುವ ಜಾಗದಲ್ಲಿ ಜಮಖಾನೆಯೊಂದೇ ಕುಳಿತು ಆಲಿಸಿತು. ಮುಖ್ಯ ಅತಿಥಿಗಳಾದ ಗಿರಣಿ ಮಾಲೀಕರನ್ನು ಗೌರವಾರ್ಥವಾಗಿ ವೇದಿಕೆಯ ಮೇಲೆ, ಅಂದರೆ ತಮ್ಮಿಬ್ಬರ ಬೆನ್ನ ಹಿಂದೆ ಕೂರಿಸಲಾಗಿತ್ತು; ಅವರು ಏನು ಕೇಳಿಸಿಕೊಂಡರೆಂದು ವಿಚಾರಿಸುವ ಧೈರ್ಯ ಯಾರಿಗೂ ಬರಲಿಲ್ಲ.

ಮೊದಲು ರೆಕಾರ್ಡಿನ ಸದ್ದಿನಲ್ಲೇ ರೈಲು ಓಡಿಸಿದಿರಿ. ನಮ್ಮ ಕಡೆಗೆ ಒಂದು ರೈಲು ಇದ್ದಕ್ಕಿದ್ದಂತೆ ಬಂದು ನುಗ್ಗಿ ನಿಂತಿತು. ಎಲ್ಲಿಂದ ಹೊರಟಿತೆಂಬುದು ತಿಳಿಯದಿದ್ದರೂ ಬಂದ ರೈಲಿಗೆ ನಾವು ಚಪ್ಪಾಳೆ ತಟ್ಟಿದೆವು. ಆಮೇಲೆ ಟೇಬಲ್ ಟೆನ್ನಿಸ್. ನಮ್ಮ ಕಡೆಯ ಆಟಗಾರ ಬಹು ನಿಧಾನಸ್ಥ, ಒಂದು ಪೆಟ್ಟು ಹೊಡೆದು ಸ್ವಲ್ಪ ಯೋಚಿಸಿ ಇನ್ನೊಂದು ಹೊಡೆಯುತ್ತಿದ್ದ. ಎದುರಾಳಿಯಿಲ್ಲದೆಯೂ ಆಟ ಬಿಡದ ಅವನ ಛಲ ನನಗೆ ಮೆಚ್ಚಿಕೆಯಾಯಿತು. ಕಡೆಗೆ, ನಾನು ಯಾವುದಕ್ಕಾಗಿ ಬಂದಿದ್ದೆನೋ ಆ ವೀಣೆ-ಮೃದಂಗದ ರೆಕಾರ್ಡು ಹಾಕಿದರು. ಮೃದಂಗ ಕೇಳಿಸಿತು. ಎಂಥ ಮೃದಂಗ ಎನ್ನುತ್ತೀರಿ, ಬೆರಳು ಚರ್ಮವನ್ನು ಬಿಟ್ಟೇಳುವ ಸದ್ದು ಕೂಡ ಕಿವಿಗೆ ಬೀಳುತ್ತಿತ್ತು. ಆದರೆ ವೀಣೆ ಬರಲೇ ಇಲ್ಲ. ವೀಣೆಯವರು ಬಸ್ಸು ತಪ್ಪಿಸಿಕೊಂಡಿರಬೇಕು, ಅವರು ಬರುವವರೆಗೆ ಮೃದಂಗದವರು ಹೇಗೋ ಸಭೆ ನಿಭಾಯಿಸುತ್ತಿದ್ದಾರೆ ಎಂದು ಕಾದೆ. ರೆಕಾರ್ಡಿನವರು ಬಸ್ಸಿಗೆ ಬರುವುದಿಲ್ಲವೆಂಬುದು ನನಗೆ ಹೊಳೆದದ್ದು ಊಟದ ಎಲೆಯ ಮುಂದೆ.

ಅತ್ತ ಹೆಂಗಸರ ಕಡೆಯಿಂದ ಆಗಾಗ 'ಆಹಾ' ಎಂಬ ಉದ್ಗಾರಗಳು ಬರುತ್ತಿದ್ದುವು. ಯಾರದೋ ಸೀರೆಯ ಅಂಚಿನ ವಿಚಾರವಿರಬೇಕೆಂದು ನಾನು ಲಕ್ಷ್ಯ ಕೊಡಲಿಲ್ಲ.

ಹಿಂದಕ್ಕೆ ಬರುವ ಬಸ್ಸಿನಲ್ಲಿ ಜಾಗ ಹುಡುಕುತ್ತ, ಹೆಂಗಸರ ಕಡೆ ಕುಳಿತಿದ್ದ ನನ್ನ ಪತ್ನಿ ಚಂಪಕ, "ವೀಣೆ ಅದ್ಭುತವಾಗಿತ್ತು, ಆದರೆ ಪಾಪ, ಪಕ್ಕವಾದ್ಯಕ್ಕೆ ಯಾರೂ ಸಿಗಲಿಲ್ಲ ಅಂತ ಕಾಣತ್ತೆ" ಎಂದಳು. ವೀಣೆಯೇ ಇರಲಿಲ್ಲವೆಂದೆ. ಮೃದಂಗ ಎಲ್ಲಿತ್ತೆಂದು ಕೇಳಿದಳು. ನೀನು ನಿದ್ದೆ ಮಾಡಿರಬೇಕೆಂದು ನಾನೂ, ಗೊರಕೆ ಹೊಡೆಯುವ ಪದ್ಧತಿ ನಮ್ಮ ಮನೆಯಲ್ಲಿ ಯಾರದೆಂದು ಅವಳೂ ಕೇಳಿದ್ದಾಯಿತು. ಆಮೇಲೆ ಅವಳು ಬಸ್ಸಿನ ಮುಂದಿನ ಸೀಟಿಗೆ ಹೋದಳು, ನಾನು ಹಿಂದಿನ ಸೀಟಿಗೆ ಹೋದೆ, ಊರು ಬರುವವರೆಗೆ ನಮ್ಮಲ್ಲಿ ಮಾತಿರಲಿಲ್ಲ. ಇಷ್ಟು ವರ್ಷ ಗಟ್ಟಿಯಾಗಿ ನಿಂತಿದ್ದ ಸಂಸಾರವನ್ನು ಒಂದೇ ಬೆಳಗಿನಲ್ಲಿ ಎರಡು ಚಾನೆಲ್ಲಾಗಿ ಒಡೆದ ತಮ್ಮ ತಾಂತ್ರಿಕ ಪ್ರೌಢಿಮೆಗೆ ಇಲ್ಲಿಂದಲೇ ನಮಸ್ಕಾರ.

ಮರುದಿನ ಶಿಬಿರಕ್ಕೆ ಹೋದೆ. ಸಾಲು ಮಂಚಗಳ ಮೇಲೆ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡವರೆಲ್ಲ ಮಲಗಿದ್ದರು. ನಂಜುಂಡಯ್ಯನವರು "ಹೇಳಯ್ಯಾ" ಎಂದರು. ರೈಲು ಹೇಳಿದೆ, ಆಟ ಹೇಳಿದೆ, ಮೃದಂಗವನ್ನು ಬಾಯಲ್ಲೇ ನುಡಿಸಿದೆ. ಕೇಳಿ ಮುಗಿಸಿ, "ವೀಣೆ?" ಎಂದರು. ಮಾನ್ಯರೇ, ಆ ಕ್ಷಣದಲ್ಲಿ ನನ್ನ ನಾಲಗೆಯ ತುದಿಗೆ ಒಂದು ಸೊಗಸಾದ ಸುಳ್ಳು ಬಂದು ಕುಳಿತಿತ್ತು. ಹೇಳಿಬಿಡುತ್ತಿದ್ದೆನೋ ಏನೋ, ಅಷ್ಟರಲ್ಲಿ ಅವರಿಗೆ ಗಂಜಿ ತಂದಿದ್ದ ಚಂಪಕ ಮಂಚದ ಆ ಕಡೆಯಿಂದ, "ವೀಣೆ ನಾನು ಕೇಳಿದೆ ಮೇಷ್ಟ್ರೇ. ಕಾಂಬೋಧಿ ರಾಗ. ಇವರಿಗೆ ಕೇಳಿಸಲೇ ಇಲ್ಲವಂತೆ" ಎಂದಳು. ನಂಜುಂಡಯ್ಯನವರು ಯಾರು ಯಾರು ಎಲ್ಲೆಲ್ಲಿ ಕುಳಿತಿದ್ದಿರೆಂದು ವಿಚಾರಿಸಿದರು. ಉತ್ತರ ಕೇಳುತ್ತಿದ್ದ ಹಾಗೆ ಅವರ ಹೊಟ್ಟೆ ಕುಲುಕತೊಡಗಿತು. ನಕ್ಕರೆ ಹೊಲಿಗೆ ಬಿಚ್ಚುತ್ತದೆಂದು ಡಾಕ್ಟರು ಎಚ್ಚರಿಸಿದ್ದರಿಂದ, ಹಲ್ಲು ಕಚ್ಚಿ ಹಿಡಿದುಕೊಂಡು, "ಎಡಗಡೆ ಪೆಟ್ಟಿಗೇಲಿ ವೀಣೆ, ಬಲಗಡೇದ್ರಲ್ಲಿ ಮೃದಂಗ. ಅರ್ಧರ್ಧ ಹಂಚ್ಕೊಂಡು ಬಂದಿದ್ದೀರಿ. ಚಂಪಕಮ್ಮ, ನೀನು ಎಡಗಡೆ ನಿಲ್ಲು. ಸೀತಾರಾಮ, ನೀನು ಬಲಗಡೆ. ನೀವು ಕೇಳಿದ್ದನ್ನ ಇಬ್ಬರೂ ಒಟ್ಟಿಗೇ ಹೇಳಿ" ಎಂದರು.

ಚಂಪಕ ವೀಣೆ ಕಲಿತದ್ದು ಹೆಣ್ಣು ನೋಡಲು ಬಂದವರ ಮುಂದೆ ನುಡಿಸುವಷ್ಟು ಮಾತ್ರ. ಆ ಬಂದವನು ನಾನೇ ಆದ್ದರಿಂದ ಕಲಿಕೆ ಅಲ್ಲಿಗೇ ನಿಂತಿತ್ತು. ಅವಳು ಬಗ್ಗಿ ಅವರ ಎಡಗಿವಿಯ ಹತ್ತಿರ ಮೆಲ್ಲಗೆ ಕಾಂಬೋಧಿಯನ್ನು ಗುನುಗತೊಡಗಿದಳು. ನಾನು ಬಲಗಡೆ ಮಂಚದ ಕಂಬಿಯ ಮೇಲೆ ಬೆರಳು ಇಟ್ಟೆ. ಮೊದಮೊದಲು ಅವಳೊಂದು ದಾರಿ, ನಾನೊಂದು ದಾರಿ. ನಾನು ಓಡಿದರೆ ಅವಳು ನಿಲ್ಲುವಳು, ನಾನು ಕಾದರೆ ಅವಳು ಮುಂದೆ ಹೋಗಿರುವಳು. ಬಸ್ಸಿನ ಜಗಳ ಇನ್ನೂ ಆರಿರಲಿಲ್ಲ. ಆದರೆ ಮಲಗಿದ್ದ ಮುದುಕರ ಮುಖ ನೋಡುತ್ತ ನೋಡುತ್ತ ಇಬ್ಬರೂ ಎಲ್ಲೋ ಒಂದು ಕಡೆ ಕೂಡಿಕೊಂಡೆವು. ಅವಳ ದನಿ ಅಷ್ಟು ಚೆನ್ನಾಗಿದೆಯೆಂದು ನನಗೆ ಗೊತ್ತಿರಲಿಲ್ಲ. ಗೊತ್ತಾದಾಗ ಸಂತೋಷವೂ ನಾಚಿಕೆಯೂ ಒಟ್ಟಿಗೇ ಆದವು. ಬಲಗಡೆಯ ಮಂಚದಲ್ಲಿದ್ದ ತಲಕಾಡಿನ ಚಿಕ್ಕಮಾದು, "ಸಾ, ಈ ಕಡಿಕೆ ಬರೀ ಮದ್ಲೆನೇ ಬತ್ತಾದೆ. ಆ ಅವ್ವಾರ್ನ ವಸಿ ಇತ್ತಾಗಿ ನಿಲ್ಸಿ" ಎಂದು ಕೇಳಿಕೊಂಡ. ತಮ್ಮ ಸಭೆಯಲ್ಲಿ ನನಗೆ ಬಾಯಿ ಬಾರದೆ ಹೋದ ಅಹವಾಲನ್ನು ಅವನು ಎಷ್ಟು ಸರಳವಾಗಿ ಸಲ್ಲಿಸಿದನೆಂದು ಗಮನಿಸಬೇಕು.

ಮುಗಿದ ಮೇಲೆ ನಂಜುಂಡಯ್ಯನವರು, "ಮೆಷಿನ್ ವಿಷಯ ಆಮೇಲೆ ನೋಡೋಣ. ನಾಳೆ ಎಷ್ಟೊತ್ತಿಗೆ ಬರ್ತೀರಿ?" ಎಂದರು. ದಿನವೂ ಹೋದೆವು. ದಿನವೂ ಹೊಸದು ಬೇಕಾಗಿದ್ದರಿಂದ ಮನೆಯಲ್ಲಿ ಕುಳಿತು ಅಭ್ಯಾಸ ಮಾಡಬೇಕಾಯಿತು, ಅಭ್ಯಾಸಕ್ಕಾಗಿ ರಾಜಿಯಾಗಬೇಕಾಯಿತು.

ಇಷ್ಟಾದರೂ ತಮ್ಮ ಮೇಲೆ ನನಗೆ ದ್ವೇಷವಿಲ್ಲ, ಕೆಲವು ಅರಿಕೆಗಳಿವೆ. ಮುಂದಿನ ಸಲ ಈ ಕಡೆ ಬಂದಾಗ, ತಾವು ದಯಮಾಡಿ ಆಗಾಗ ಕತ್ತನ್ನು ಗಂಡಸರ ಕಡೆಗೂ ಹೊರಳಿಸಬೇಕು. ಕತ್ತು ಇಲ್ಲವೆಂದಾದರೆ ಕಂಪನಿಯವರಿಗೆ ಅರ್ಜಿ ಕೊಟ್ಟು ಹಾಕಿಸಿಕೊಳ್ಳಬೇಕು. ಅದೂ ಆಗದಿದ್ದರೆ ಜಮಖಾನೆಯ ಮೇಲೆ ನಡೆದುಬಂದು ಅರ್ಧ ವೀಣೆಯನ್ನಾದರೂ ನಮ್ಮ ಸಾಲಿಗೆ ಬಡಿಸಿ ಹೋಗಬೇಕು. ಛತ್ರವಾದ್ದರಿಂದ ಪಂಕ್ತಿಭೇದ ಮಾಡುವುದು ತಮ್ಮಂಥ ದೊಡ್ಡವರಿಗೆ ಶೋಭಿಸುವುದಿಲ್ಲ. ಇದಾವುದೂ ಸಾಧ್ಯವಿಲ್ಲವಾದರೆ ಬಸವಯ್ಯನವರ ಮನಸ್ಸನ್ನು ಬದಲಾಯಿಸಬಹುದು. ಅದು ಎಲ್ಲಕ್ಕಿಂತ ಕಷ್ಟವೆಂದು ನಂಜನಗೂಡಿನವರು ಹೇಳುತ್ತಾರೆ.

ಹೋದ ವಾರ ಪಟ್ಟಿ ಬಿಚ್ಚಿದರು. ನಾವಿಬ್ಬರೂ ಹೋಗಿದ್ದೆವು. ನಂಜುಂಡಯ್ಯನವರು ತುಂಬ ಹೊತ್ತು ಕಣ್ಣು ಪಿಳುಕಿಸಿದರು. ಆಮೇಲೆ ಡಾಕ್ಟರಿಗೆ, "ಬೆಳಕು ಬಂದಿದೆ ಸ್ವಾಮಿ. ಮುಖಗಳು ಬಂದಿಲ್ಲ" ಎಂದರು. ಡಾಕ್ಟರು ಇನ್ನೊಂದು ದೀಪ ತರಿಸಿ ನೋಡಿದರು. ನಾನು ಮಂಚದ ಕಂಬಿ ಹಿಡಿದುಕೊಂಡು ನಿಂತಿದ್ದೆ. ಬೆರಳುಗಳು ತಾವಾಗಿಯೇ ಅಲ್ಲಾಡುತ್ತಿದ್ದುವೆಂದು ಕಾಣುತ್ತದೆ. ಡಾಕ್ಟರು ಕಡೆಯ ಪರೀಕ್ಷೆಗೆಂದು, ಎದುರಿಗೆ ಯಾರು ನಿಂತಿದ್ದಾರೆ ಹೇಳಿ ಎಂದರು. "ಎದುರಿಗೆ ಯಾರೂ ಕಾಣ್ತಿಲ್ಲ" ಎಂದರು ನಂಜುಂಡಯ್ಯನವರು. "ಬಲಗಡೆ ಸೀತಾರಾಮ ಆಗಲೇ ತಾಳ ಹಾಕ್ತಿದ್ದಾನೆ. ಎಡಗಡೆ ಚಂಪಕಮ್ಮ ಯಾಕೆ ಇನ್ನೂ ಶುರು ಮಾಡಿಲ್ಲ?"

ಚಂಪಕ ಸೆರಗಿನಿಂದ ಕಣ್ಣೊರೆಸಿಕೊಂಡು ಶುರು ಮಾಡಿದಳು.

ಆದಕಾರಣ ತಮ್ಮನ್ನು ನರಸೀಪುರಕ್ಕೆ ಬರಮಾಡಿಕೊಳ್ಳುವ ವಿಚಾರವನ್ನು ಸಂಘವು ಸದ್ಯಕ್ಕೆ ಕೈಬಿಟ್ಟಿದೆಯೆಂದು ವಿನಯಪೂರ್ವಕವಾಗಿ ತಿಳಿಸುತ್ತೇನೆ. ಹುದ್ದೆ ಭರ್ತಿಯಾಗಿದೆ.

ತಮ್ಮ ದನಿಯೊಂದನ್ನು ಬಿಟ್ಟು ಮಿಕ್ಕೆಲ್ಲವನ್ನೂ ಬಲ್ಲ,
ತಮ್ಮ ವಿಶ್ವಾಸಿ,
ಸೀತಾರಾಮ
ಕಾರ್ಯದರ್ಶಿ, ಶ್ರವಣಾನಂದ ಸಂಘ

ಮರೆತ ಮಾತು: ಈ ಪತ್ರವನ್ನು ಅಂಚೆಗೆ ಹಾಕುವ ಮೊದಲು ಚಂಪಕ ಓದಿದಳು. ಇದರಲ್ಲಿ ಅರ್ಧ ಮಾತ್ರ ಸರಿಯಾಗಿದೆಯೆಂದು ಅವಳ ಅಭಿಪ್ರಾಯ. ತಾವು ಬಹಳ ಸಜ್ಜನರೆಂದೂ, ತಪ್ಪೆಲ್ಲ ಗಂಡಸರ ಕಡೆಗೆ ಕುಳಿತಿದ್ದ ತಮ್ಮ ಜೋಡಿಯವರದೆಂದೂ ಹೇಳಿ, ಅವರಿಗೊಂದು ಪತ್ರವನ್ನು ಅಡುಗೆಮನೆಯಲ್ಲಿ ಕುಳಿತು ಬರೆಯುತ್ತಿದ್ದಾಳೆ. ಇದುವರೆಗಿನದನ್ನು ಇಣುಕಿ ನೋಡಿದ್ದೇನೆ. ಅದರಲ್ಲಿ ಮಾನ್ಯರೇ ಎಂಬ ಪದ ಎಲ್ಲಿಯೂ ಇಲ್ಲ.