ಇರಾನಿಗಾಗಿ ಅತ್ತ ದೊಡ್ಡಪ್ಪ

ಇರಾನಿನ ಹೆಂಗಸರಿಗಾಗಿ ನಮ್ಮ ದೊಡ್ಡಪ್ಪ ಭದ್ರಾವತಿಯಲ್ಲಿ ಕೂತು ಅತ್ತಷ್ಟು ಟೆಹರಾನಿನಲ್ಲೂ ಯಾವ ಗಂಡಸೂ ಅತ್ತಿರಲಾರ. ಸಿನಿಮಾಗಳ ವಿವರ ನನ್ನ ನೆನಪಿನಲ್ಲಿ ಒಂದರೊಳಗೊಂದು ಕಲಸಿಹೋಗಿರಬಹುದು. ಒಂದರ ಹೆಂಡತಿಯನ್ನು ಇನ್ನೊಂದರ ಗಂಡನಿಗೆ ಕಟ್ಟಿರಲೂಬಹುದು. ಆದರೆ ದೊಡ್ಡಪ್ಪನ ಟವೆಲ್ ಒದ್ದೆಯಾಗಿದ್ದದ್ದು ಮಾತ್ರ ಖಂಡಿತ.

ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ಅವರಿಗೆ ಈ ಹುಚ್ಚು ಹಿಡಿಸಿದವಳು ನಾನೇ. ಶಿವಮೊಗ್ಗದ ನಮ್ಮ ಸಿನಿಮಾ ಕೂಟದಲ್ಲಿ ನೋಡಿದ್ದನ್ನೆಲ್ಲ ಪೆನ್‌ಡ್ರೈವಿಗೆ ತುಂಬಿ ಕೊಟ್ಟೆ. ಈಗ ನಾನು ಹೋದಾಗಲೆಲ್ಲ ಒಂದು ಸಿನಿಮಾ, ನಡುನಡುವೆ ಅದನ್ನು ನಿಲ್ಲಿಸಿ ಒಂದು ಉಪನ್ಯಾಸ.

"ನೋಡು ಮಾರಾಯ್ತಿ, ಗಂಡ ಸಹಿ ಹಾಕದೆ ಅವಳಿಗೆ ಪಾಸ್‌ಪೋರ್ಟ್ ಕೊಡಲ್ವಂತೆ. ಊರು ಬಿಡೋಕೂ ಅಪ್ಪಣೆ ಬೇಕಾ? ಎಂಥ ಗಂಡಸರಪ್ಪ ಇವರು," ಎಂದು ಮೂಗೊರೆಸಿಕೊಂಡು, ಅದೇ ಉಸಿರಿನಲ್ಲಿ ಅಡುಗೆಮನೆಯತ್ತ ಕೂಗುತ್ತಾರೆ: "ಲೇ, ರೊಟ್ಟಿ."

ದೊಡ್ಡಪ್ಪನಿಗೆ ಅಕ್ಕಿರೊಟ್ಟಿ ಕಾವಲಿಯಿಂದ ನೇರ ತಟ್ಟೆಗೆ ಬರಬೇಕು, ಒಂದೊಂದಾಗಿ. ಡಬ್ಬಿಯಲ್ಲಿಟ್ಟ ರೊಟ್ಟಿ ಅವರ ಪ್ರಕಾರ ರೊಟ್ಟಿಯೇ ಅಲ್ಲ. ಸಿನಿಮಾ ಶುರುವಾಗುವುದು ಏಳಕ್ಕೆ, ರೊಟ್ಟಿ ಎಂಟಕ್ಕೆ. ಹಾಗಾಗಿ ದೊಡ್ಡಮ್ಮ ಇದುವರೆಗೆ ಯಾವ ಸಿನಿಮಾದ ಕೊನೆಯನ್ನೂ ನೋಡಿಲ್ಲ.

ಕಳೆದ ತಿಂಗಳು ಕೂಟಕ್ಕೆ ಇಬ್ಬರನ್ನೂ ಕರೆದೆ. ದೊಡ್ಡಪ್ಪ ಒಬ್ಬರೇ ಬಂದರು. ಸಿನಿಮಾ ಮುಗಿದ ಮೇಲೆ ಮೈಕು ಹಿಡಿದು ಹೆಣ್ಣಿನ ಸ್ವಾತಂತ್ರ್ಯದ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿ ಚಪ್ಪಾಳೆಯನ್ನೂ ಗಿಟ್ಟಿಸಿದರು. ಬಸ್‌ಸ್ಟ್ಯಾಂಡಿಗೆ ಬಿಡುವಾಗ ಕೇಳಿದೆ:

"ದೊಡ್ಡಮ್ಮ ಯಾಕೆ ಬರ್ಲಿಲ್ಲ?"

"ಅವಳಿಗೆಲ್ಲಿ ಇಂಟರೆಸ್ಟು? ಅಲ್ದೆ ಅವಳು ಬಂದ್ಬಿಟ್ರೆ ರಾತ್ರಿ ರೊಟ್ಟಿ?"

ಬೈಯಬೇಕೆಂದುಕೊಂಡೆ. ಬೈದೆನೋ ಇಲ್ಲವೋ? ಆ ದಿನದ ನನ್ನ ಡೈರಿಯಲ್ಲಿ 'ಬೈದೆ' ಎಂದಿದೆ, ನನಗೆ ನಂಬಿಕೆಯಿಲ್ಲ.

ಮೊನ್ನೆ ಮಂಗಳವಾರ ಭದ್ರಾವತಿಗೆ ಹೋದಾಗ ಎಂಟಕ್ಕೆ ನಾನೂ ಎದ್ದು ಅಡುಗೆಮನೆಗೆ ಹೋದೆ. ಸಹಾಯಕ್ಕಲ್ಲ, ಬಿಸಿರೊಟ್ಟಿಗೆ. ತಟ್ಟುತ್ತಲೇ ದೊಡ್ಡಮ್ಮ ಕೇಳಿದಳು:

"ಆ ಪಾಸ್‌ಪೋರ್ಟ್ ಹುಡುಗಿ ಏನಾದ್ಲೇ ಕೊನೇಗೆ?"

"ಅದನ್ನ ನೋಡಿ ಆರು ತಿಂಗಳಾಯ್ತಲ್ಲ. ಇನ್ನೂ ನೆನಪಿದೆಯಾ?"

"ಅರ್ಧಕ್ಕೆ ಎದ್ದು ಬಂದಿದ್ದು ಮರ್ತು ಹೋಗುತ್ತಾ? ನಾನೇ ಒಂದು ಕೊನೆ ಮಾಡ್ಕೊಂಡಿದೀನಿ. ಗಂಡನ ಸಹಿ ಅವಳೇ ಹಾಕ್ಕೊಂಡು ವಿಮಾನ ಹತ್ತಿರ್ತಾಳೆ. ಇಷ್ಟು ವರ್ಷ ಜೊತೆಗಿದ್ದು ಅವನ ಸಹಿ ಕಲೀದೆ ಇರ್ತಾಳಾ?"

ಮುರಿದ ರೊಟ್ಟಿಯನ್ನು ತಟ್ಟೆಗೇ ಇಟ್ಟೆ. ಇಷ್ಟು ದಿನ ಒಂದು ಕೊನೆಯನ್ನಾದರೂ ಅವಳಿಗೆ ಹೇಳಬೇಕೆಂದು ನನಗೂ ಹೊಳೆದಿರಲಿಲ್ಲ. ಬಿಸಿರೊಟ್ಟಿಗೆ ಕಾಯುವವರ ಸಾಲಿನಲ್ಲಿ ನಾನೂ ಕೂತಿದ್ದೆ.

"ಈ ಭಾನುವಾರ ಕೂಟದಲ್ಲಿ ಇನ್ನೊಂದು ಸಿನಿಮಾ ಇದೆ. ಕೊನೇವರೆಗೂ ಕೂತು ನೋಡೋಣ. ಬರ್ತೀಯಾ ದೊಡ್ಡಮ್ಮ?"

ನಡುಮನೆಯಿಂದ "ಲೇ, ರೊಟ್ಟಿ" ಕೇಳಿಸಿತು. ದೊಡ್ಡಮ್ಮ ಹಿಟ್ಟಿನ ಕೈಯಲ್ಲೇ ನಿಂತು ಗೋಡೆಯ ಕ್ಯಾಲೆಂಡರಿನಲ್ಲಿ ಭಾನುವಾರವನ್ನು ನೋಡಿದಳು. ಕಾವಲಿಯ ಮೇಲೆ ರೊಟ್ಟಿ ಸೀಯುತ್ತಿತ್ತು.

ಇವತ್ತು ಶುಕ್ರವಾರ. ಬರುತ್ತಾಳೋ ಇಲ್ಲವೋ, ದೊಡ್ಡಮ್ಮ ಇನ್ನೂ ಹೇಳಿಲ್ಲ.