ಎಸಿಯ ಗುಂಡಿ ಮತ್ತು ಒಂದನೇ ಚಾರ್ಲ್ಸನ ಬಾಕಿ ಪಾಠ

ಸಂಖ್ಯೆ: ದಮ್ಮಾಮ್/ರೂಮು-4/ಎಸಿ/ತಿದ್ದುಪಡಿ/1984

ವಿಷಯ: ರಾಜ ಮತ್ತು ಪಾರ್ಲಿಮೆಂಟಿನ ನಡುವಣ ಅಧಿಕಾರ ವಿಂಗಡಣೆ, ಎಸಿಗೆ ಸಂಬಂಧಿಸಿದಂತೆ.

ಉಲ್ಲೇಖ: ಇಂಗ್ಲೆಂಡಿನ ಇತಿಹಾಸ, ಬಿ.ಎ. ಗೈಡು (ರಟ್ಟು ಹೋದದ್ದು).

ಪ್ರಸ್ತಾವನೆ:

ಬಂಟ್ವಾಳದ ಕಡೆ ಚರಿತ್ರೆ ಕಲಿಸುತ್ತಿದ್ದು, ಈಗ ಸೌದಿಯ ದಮ್ಮಾಮಿನಲ್ಲಿ ಸ್ಟೋರ್ ಕೀಪರ್ ಆಗಿರುವ ಮೊಯಿದಿನಬ್ಬ ಮಾಸ್ತರರು ಸದರಿ ರೂಮಿನ ಹಿರಿಯರಾಗಿದ್ದು, ಎಸಿ ಚಾಲು ಮಾಡಲು ತಿರುಗಿಸುವ ಗುಂಡಿಯನ್ನು ಕಿತ್ತು ಜೇಬಿಗೆ ಹಾಕಿಕೊಂಡೇ ಡ್ಯೂಟಿಗೆ ಹೋಗುತ್ತಿದ್ದರು. ತಾವಿಲ್ಲದಾಗ ಎಸಿಗೆ ವಿಶ್ರಾಂತಿ ಬೇಕೆಂಬುದು ಅವರ ಘನ ಅಭಿಪ್ರಾಯವಾಗಿತ್ತು. ರಾತ್ರಿಪಾಳಿ ಮುಗಿಸಿ ಹಗಲು ಮಲಗುವ ಡ್ರೈವರ್ ಅಬ್ದುಲ್ಲ ಕುಂಞಿ ಜುಲೈಯ ಸೆಕೆಗೆ ಮೈ ಒರೆಸುವ ಬೈರಾಸನ್ನೇ ಒದ್ದೆ ಮಾಡಿ ಹೊದೆಯುತ್ತಿದ್ದುದನ್ನು ಗಮನಿಸಲಾಗಿರಲಿಲ್ಲ.

ಅಂಚೆ ಮೂಲಕ ಬಿ.ಎ. ಓದುತ್ತಿದ್ದ ಇನ್ನೊಬ್ಬ ಸದಸ್ಯ ಸಿರಾಜುದ್ದೀನನಿಗೆ ಮಾಸ್ತರರು ಶುಕ್ರವಾರ ಪಾಠ ಹೇಳುತ್ತಿದ್ದರು. ಒಂದನೇ ಚಾರ್ಲ್ಸ್ ಪಾರ್ಲಿಮೆಂಟನ್ನು ವಿಸರ್ಜಿಸಿ ಹನ್ನೊಂದು ವರ್ಷ ಒಬ್ಬನೇ ಆಳಿದ್ದನ್ನು ರಸವತ್ತಾಗಿ ವರ್ಣಿಸಿ, ಅಲ್ಲಿಗೇ ನಿಲ್ಲಿಸಿದರು. "ಮತ್ತೆ ಎಂತ ಆಯ್ತು?" ಎಂದು ಕುಂಞಿ ಕೇಳಲಾಗಿ, "ಮುಂದಿನದು ಪರೀಕ್ಷೆಗಿಲ್ಲ" ಎಂದು ಉತ್ತರಿಸಲಾಯಿತು.

ಮರುದಿನ ಇಬ್ಬರೂ ಹಾಸಿಗೆ ಸುತ್ತಿಕೊಂಡು ಪಕ್ಕದ ರೂಮಿನ ಭಟ್ಕಳದ ಗುಲಾಮ್ ಮುಹಮ್ಮದರಲ್ಲಿ ಆಶ್ರಯ ಪಡೆದರು. ಮಾಸ್ತರರು ಸಂಪೂರ್ಣ ತಂಪಿನಲ್ಲಿ ಒಬ್ಬರೇ ಆಳಿದರು. ಆಳ್ವಿಕೆ ವಾರ ದಾಟಲಿಲ್ಲ. ಮೀನುಸಾರು ಮಾಡಲು ಹೋಗಿ ಹುಳಿ ಮರೆತರು. ಪಾಠ ಹೇಳೋಣವೆಂದರೆ ಗೋಡೆ ಬಿಟ್ಟು ಕೇಳುವವರಿಲ್ಲ. ಪಕ್ಕದ ರೂಮಿನ ನಗು ಎಸಿಯ ಸದ್ದನ್ನೂ ದಾಟಿ ಬರುತ್ತಿತ್ತು.

ಶುಕ್ರವಾರ ಜುಮಾ ನಮಾಜು ಮುಗಿಸಿ ಬಂದ ಮಾಸ್ತರರು ಪಕ್ಕದ ರೂಮಿನ ಬಾಗಿಲಲ್ಲಿ ನಿಂತರು. ಯಾರೂ ಏಳಲಿಲ್ಲ. ಕುಂಞಿ ಮಾತ್ರ ತುಸು ಸರಿದು ಚಾಪೆಯಲ್ಲಿ ಜಾಗ ಬಿಟ್ಟು ಕೇಳಿದರು:

"ರಾಜನದ್ದು ಎಂತ ಆಯ್ತು ಮಾಷ್ಟ್ರೇ?"

"ತಲೆ ಕಡಿದರು."

"ಯಾರು?"

"ಪಾರ್ಲಿಮೆಂಟಿನವರು. ಮತ್ತೆ ಅವರೇ ಮಗನನ್ನು ಕರೆಸಿದರು. ಕಡೆಗೆ, ಹೇಳಿದ್ದಕ್ಕೆ ಸಹಿ ಹಾಕುವ ರಾಜರು ಬಂದರು."

"ಅಂಥವರಿಗೆ ಊಟ ಉಂಟಾ?"

"ಊಟ ಉಂಟು, ಕಿರೀಟ ಉಂಟು. ಗುಂಡಿ ಇಲ್ಲ ಮಾರಾಯ," ಎಂದು ಮಾಸ್ತರರು ಜೇಬಿಗೆ ಕೈ ಹಾಕಿದರು.

ಆದುದರಿಂದ ಸರ್ವರಿಗೂ ತಿಳಿಯಪಡಿಸುವುದೇನೆಂದರೆ:

1. ಎಸಿಯ ಗುಂಡಿಯು ಇನ್ನು ಮುಂದೆ ಎಸಿಯಲ್ಲೇ ಇರತಕ್ಕದ್ದು.

2. ಹಗಲಿನ ಸೆಕೆ ಎಷ್ಟೆಂಬುದನ್ನು ಹಗಲು ಮಲಗುವವರೇ ನಿರ್ಧರಿಸತಕ್ಕದ್ದು.

3. ಮಾಸ್ತರರು ಹಿರಿಯರಾಗಿ ಮುಂದುವರಿಯತಕ್ಕದ್ದು. ಪ್ರತಿ ಶುಕ್ರವಾರ ಅವರು ಎಸಿಯನ್ನು ವಿಧ್ಯುಕ್ತವಾಗಿ ಉದ್ಘಾಟಿಸಬಹುದು. ಅದು ಆಗಲೇ ಓಡುತ್ತಿದ್ದಲ್ಲಿ ಆ ವಿಷಯವನ್ನು ಅವರ ಗಮನಕ್ಕೆ ತರತಕ್ಕದ್ದಲ್ಲ.

4. ಉದ್ಘಾಟನಾ ಭಾಷಣವನ್ನು ಸದಸ್ಯರು ಬರೆದುಕೊಡತಕ್ಕದ್ದು. ಓದುವಾಗ ಮಾಸ್ತರರು ರಾಜರಂತೆ "ನನ್ನ ಸರಕಾರ" ಎಂದು ಹೇಳಿಕೊಳ್ಳಲು ಸದಸ್ಯರ ಅಭ್ಯಂತರವಿರುವುದಿಲ್ಲ.

5. ಮಾಸ್ತರರು ಮೀನುಸಾರಿನ ಪಾತ್ರೆಯ ಬಳಿ ಸುಳಿದಲ್ಲಿ ಅದನ್ನು ದಂಗೆಯೆಂದು ಪರಿಗಣಿಸಲಾಗುವುದು.

ಸಹಿ/-
ಮೊಯಿದಿನಬ್ಬ
ರೂಮಿನ ಹಿರಿಯರು
(ಸದಸ್ಯರ ಒಪ್ಪಿಗೆ ಇರುವವರೆಗೆ)

ಪ್ರತಿಗಳು:

ಗುಲಾಮ್ ಮುಹಮ್ಮದ್, ಪಕ್ಕದ ರೂಮು: ನಿರಾಶ್ರಿತರಿಗೆ ಕೊಟ್ಟ ಚಹಾಕ್ಕೆ ಕೃತಜ್ಞತೆಗಳೊಂದಿಗೆ.

ಕಚೇರಿ ಪ್ರತಿ: ಎಸಿಯ ಪಕ್ಕ ಅಂಟಿಸಲು. ಗಾಳಿಗೆ ಅಡ್ಡ ಬಾರದಂತೆ.

ಬೀಫಾತುಮ್ಮ, ಮಾಸ್ತರರ ಪತ್ನಿ, ಬಂಟ್ವಾಳ: ಈ ಪ್ರತಿಯನ್ನು ಕಳುಹಿಸಬಾರದೆಂದು ಮಾಸ್ತರರು ಕೋರಿರುತ್ತಾರೆ. ಬಹುಮತದಿಂದ ಕಳುಹಿಸಲಾಗಿದೆ.